ಕುಂತ ಮುತ್ಯಾನನ್ನು ಎಬ್ಬಿಸಿದ್ದು

ದೇವಿ ಹಾಕುವವರು ಬಂದರೆಂದರೆ ಆ ಕಾಲದಲ್ಲಿ ಹಳ್ಳಿಯ ಓಣಿಗಳು ಗಳಿಗೆಯೊಳಗೆ ಖಾಲಿ. ಸಿಡುಬಿನ ಲಸಿಕೆ ಚುಚ್ಚುವುದಕ್ಕೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಅಡಿಗೆಮನೆಯ ಕತ್ತಲಿಗೆ ಹೋಗಿ ಕೂರುತ್ತಿದ್ದರು. ಎತ್ತನ್ನು ಕೋಡು ಹಿಡಿದು ನಿಲ್ಲಿಸುವಂಥ ಗಂಡಸರು ಬಂಡಿ ಬಿಟ್ಟು ಜೋಳದ ಹೊಲಕ್ಕೆ ಓಡುತ್ತಿದ್ದರು. ನಾನು ಮೂಡಲಗಿಯ ದವಾಖಾನೆಯಲ್ಲಿ ನರ್ಸು. ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದ ದಿನಗಳು ಅವು. ಸಿಪಾಯಿಯನ್ನು ಮುಂದೆ ಬಿಟ್ಟುಕೊಂಡು ಮುಚ್ಚಿದ ಬಾಗಿಲುಗಳನ್ನು ಬಡಿಯುತ್ತ, ಬೈಯುತ್ತ, ಬೈಸಿಕೊಳ್ಳುತ್ತ ತಿರುಗುವುದು ನನ್ನ ಕೆಲಸವಾಗಿತ್ತು.

ಮೇಲವಂಕಿಯ ಆಚೆಗಿನ ಒಂದು ಹಳ್ಳಿಯಲ್ಲಿ ಮಾತ್ರ ಒಂದು ಮನೆಯ ಮುಂದೆ ಜನ ಓಡದೆ ಕುಳಿತಿದ್ದರು. ಕೈಯಲ್ಲಿ ತೆಂಗಿನಕಾಯಿ, ಹಣೆಗೆ ಭಂಡಾರ, ದೇವರ ಅರಿಶಿನಪುಡಿ. ಯಾರೋ ಸತ್ತಿರಬೇಕು ಅಂದುಕೊಂಡೆ. ಬಾಗಿಲಲ್ಲಿ ನಿಂತಿದ್ದ ಹಿರಿಯ ಕುರುಬ ನನ್ನನ್ನು ತಡೆದ.

“ಚಪ್ಪಲಿ ಹೊರಗ ಬಿಡ್ರಿ ಬಾಯಾರ. ಒಳಗ ಮುತ್ಯಾ ಕುಂತಾನ.”

ಮುತ್ಯಾ ಅಂದರೆ ನಮ್ಮಲ್ಲಿ ಅಜ್ಜ. “ಮುತ್ಯಾಗ ಎಷ್ಟ ವಯಸ್ಸು?”

“ನನ್ನ ತಮ್ಮರಿ. ನಲವತ್ತರ ಆಜೂಬಾಜೂ.”

“ನಲವತ್ತಕ್ಕ ಮುತ್ಯಾ ಆದ್ರ ನನಗೇನ ಅಂತೀರಿ?” ಅಂದೆ.

“ನಗಬ್ಯಾಡ್ರಿ. ವರ್ಷಗಟ್ಟಲೆ ಆತು, ಹೊಸ್ತಲಾ ದಾಟಿಲ್ಲ. ದ್ಯಾವ್ರು ಗೆರಿ ಎಳದಾನ.”

ದೇವರು ಎಳೆದ ಗೆರೆಗೆ ಸಿಡುಬು ಕೇಳುವುದಿಲ್ಲ ಎಂದು ಜಗಳ ತೆಗೆದೆ. ಕೊನೆಗೆ ಒಳಗಿನ ಕೋಣೆಯ ಬಾಗಿಲಸಂದಿಯಿಂದ ಒಂದು ತೋಳು ಹೊರಗೆ ಬಂತು. ಬಿಸಿಲಲ್ಲಿ ಬೆಳೆದ ತೋಳು, ಆದರೆ ಬಣ್ಣ ಬಿಳಿಚಿತ್ತು. ಚುಚ್ಚಲೆಂದು ಮಣಿಕಟ್ಟು ಹಿಡಿದೆ. ಅಂಗೈ ನೀರಲ್ಲಿ ಅದ್ದಿ ತೆಗೆದ ಹಾಗೆ ಒದ್ದೆ. ನಾಡಿ ಓಡುತ್ತಿತ್ತು. ದೇವರ ಜೊತೆ ಕುಳಿತವನ ನಾಡಿ ಇದಲ್ಲ, ಬೆನ್ನಟ್ಟಿಸಿಕೊಂಡವನದು. ಪಿಸುಮಾತಿನಲ್ಲಿ ಅವನು ಕೇಳಿದ: “ಹಿಂದ ಬಾಗಲಾ ತಗದೈತೇನ್ರಿ? ಮುಚ್ಚಾಕ ಹೇಳ್ರಿ.”

ಅಲ್ಲಿಂದ ಹೊರಟಾಗ ಅವನ ಹೆಂಡತಿ ಕುರಿದೊಡ್ಡಿಯವರೆಗೆ ನನ್ನ ಹಿಂದೆಯೇ ಬಂದಳು. ಗಂಡ ಕುಳಿತ ಮೇಲೆ ಹಿಂಡನ್ನು ಕಾಯುತ್ತಿದ್ದವಳು ಅವಳೇ. ಜೊತೆಗೆ ಸಂಬಂಧದ ಒಬ್ಬ ಮುದುಕ. ವರ್ಷಕ್ಕೊಮ್ಮೆ ಹಿಂಡು ಹೊಡೆದುಕೊಂಡು ಸಂಕೇಶ್ವರದ ಆಚೆತನಕ ಹೋಗಿ ಬರುವ ಹೆಣ್ಣುಮಗಳು. ಒಬ್ಬರ ಮುಂದೆ ಬಾಯಿ ಮುಚ್ಚುವವಳಲ್ಲ. ದೊಡ್ಡಿಯ ಮುಳ್ಳಬೇಲಿಯ ಮರೆಗೆ ನನ್ನನ್ನು ಕರೆದು, ಸೆರಗು ಸರಿಸಿ, “ಇದೇನ್ರಿ ಬಾಯಾರ? ಹುಣ್ಣಲ್ಲ, ಬಾವಲ್ಲ. ನೋವೂ ಇಲ್ಲ” ಅಂದಳು.

ಎದೆಯ ಎಡಗಡೆ ಒಂದು ಗಂಟು. ಲಿಂಬೆಹಣ್ಣಿನಷ್ಟು. ಬೆರಳಿಗೆ ಅಲುಗಾಡಲಿಲ್ಲ. ನೋವಿದ್ದರೆ ನನಗೆ ಧೈರ್ಯ ಇರುತ್ತಿತ್ತು. ನೋವಿಲ್ಲ ಅಂದಳಲ್ಲ, ಅದಕ್ಕೇ ಹೆದರಿದೆ.

ಮರುದಿನ ಅವಳನ್ನು ದವಾಖಾನೆಗೆ ಕರೆಸಿದೆ. ನಮ್ಮ ಡಾಕ್ಟರು ಧಾರವಾಡದ ಕಡೆಯವರು, ಮಾತು ಕಡಿಮೆ. ನೋಡಿದರು, ಕೈ ತೊಳೆದುಕೊಂಡರು, ಅವಳಿಗೇ ನೇರವಾಗಿ ಹೇಳಿದರು. “ಮಿರಜಿಗೆ ಹೋಗಬೇಕವ್ವಾ. ಕೊಯ್ದ ತಗೀಬೇಕು. ಲಗೂ ಹೋದ್ರ ಜೀವಕ್ಕ ಭರೋಸಾ ಐತಿ. ತಡಾ ಮಾಡಿದ್ರ ನನ್ನ ಕೈಯಾಗೂ ಇಲ್ಲ, ಅವರ ಕೈಯಾಗೂ ಇಲ್ಲ.”

ಅವಳು ಅಳಲಿಲ್ಲ. “ಗಂಡನ ಬಿಟ್ಟ ನಾ ಹೋಗಂಗಿಲ್ರಿ” ಅಂದಳು.

ಆಸ್ಪತ್ರೆಯವರು ಗಂಡನ ಒಪ್ಪಿಗೆ ಕೇಳಿಯಾರೆಂದು ಹಾಗೆ ಅನ್ನುತ್ತಾಳೆ ಅಂದುಕೊಂಡು, ಕಾಗದದ ಮೇಲೆ ಅವನ ಹೆಬ್ಬೆಟ್ಟು ಒತ್ತಿಸಿ ತರುತ್ತೇನೆ, ಜೊತೆಗೆ ನಾನೇ ಬರುತ್ತೇನೆ ಅಂದೆ. ತಲೆ ಅಲ್ಲಾಡಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು.

“ಅಲ್ಲಬೇ, ಒಬ್ಬಾಕಿನ ಊರೂರ ತಿರಗ್ತಿ, ಆಸ್ಪತ್ರೆಗೆ ಹೋಗಾಕ ಅಂವಾ ಬೇಕು? ತಲಿ ನೆಟ್ಟಗೈತಿಲ್ಲೋ?”

“ತಲಿ ನೆಟ್ಟಗೈತ್ರಿ. ಅದಕ್ಕ ಹೇಳಾಕತ್ತೇನಿ. ನಾ ಒಬ್ಬಾಕಿನ ಹೋಗಿ ಅಲ್ಲೇ ಸತ್ತರ, ಅವನ್ನ ಎಬ್ಬಿಸೂವ್ರು ಯಾರದಾರ್ರಿ? ಊರ ಮಂದಿ ಅವನ್ನ ಆ ಕ್ವಾಣ್ಯಾಗನ ಮಣ್ಣ ಮಾಡ್ತಾರ. ಅಂವಾ ನನ್ನ ಸಲುವಾಗಿ ಎದ್ದರ ಎದ್ದಾನ, ಮತ್ತ ಯಾರ ಸಲುವಾಗಿನೂ ಏಳಂಗಿಲ್ಲ.” ಇನ್ನೊಂದು ಮಾತನ್ನೂ ಸೇರಿಸಿದಳು: “ಆದ್ರ ಈ ಗಂಟಿನ ಸುದ್ದಿ ಅಂವಗ ಹೇಳಬ್ಯಾಡ್ರಿ. ಅಂಜಿಕಿ ಮ್ಯಾಲ ಅಂಜಿಕಿ ಹಾಕಬ್ಯಾಡ್ರಿ.”

ತನ್ನ ಜೀವವನ್ನು ಪಣಕ್ಕಿಟ್ಟು ಗಂಡನ ಜೀವ ಕೇಳುತ್ತಿದ್ದಳು. ಅವಳ ಮನಸ್ಸು ಬದಲಿಸಲು ಡಾಕ್ಟರು ನೋಡಿದರು, ನಾನು ನೋಡಿದೆ, ಆಗಲಿಲ್ಲ. ಹಾಗಾಗಿ ಹೆಂಡತಿಯನ್ನು ಉಳಿಸಬೇಕಾದರೆ ಗಂಡನನ್ನು ಎಬ್ಬಿಸಬೇಕು ಎಂಬಲ್ಲಿಗೆ ನಮ್ಮ ಕೆಲಸ ಬಂದು ನಿಂತಿತು.

ಡಾಕ್ಟರು ಸೈಕಲ್ ತುಳಿದುಕೊಂಡು ಹೋಗಿ ಅವನನ್ನು ನೋಡಿ ಬಂದರು. ಎದೆಗೆ ನಳಿಗೆ ಇಟ್ಟು ಕೇಳಿದರು, ಕಣ್ಣು ನಾಲಗೆ ನೋಡಿದರು, ಮಲಗಿಸಿ ಹೊಟ್ಟೆ ಒತ್ತಿದರು. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ನನ್ನನ್ನು ಮಾತ್ರ ಇರಿಸಿಕೊಂಡು, ಮೊದಲಿಂದ ಹೇಳು ಅಂದರು.

ಅವನು ಹೇಳಿದ. ಗೋಕಾಕಿನ ಸಂತೆಗೆ ಉಣ್ಣೆ ಮಾರಲು ಹೋಗಿದ್ದ. ಮಾರಿ, ಚುರುಮುರಿ ತಿಂದು, ಸಂತೆಯ ಆಚೆಗಿನ ಬಯಲು ದಾಟುವಾಗ ಇದ್ದಕ್ಕಿದ್ದಂತೆ ಎದೆ ಹಾರತೊಡಗಿತು. ಉಸಿರು ಸಾಲದು, ಕೈಕಾಲು ಜುಮುಗುಟ್ಟಿದವು, ಆಕಾಶ ಕೆಳಗೆ ಇಳಿದಂತಾಯಿತು. ಸತ್ತೆ ಅಂದುಕೊಂಡು ನೆಲ ಹಿಡಿದು ಕುಳಿತ. ಮೂರ್ಛೆರೋಗ ಇರಬೇಕೆಂದು ಯಾರೋ ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಸಾಯಲಿಲ್ಲ. ಆದರೆ ಮುಂದೆ ಸಂತೆಗೆ ಹೋಗಲಿಲ್ಲ. ಕೆಲ ದಿನಕ್ಕೆ ಹೊಳೆಯ ಮರಳಲ್ಲಿ ಹಾಗೇ ಆಯಿತು, ಹೊಳೆ ಬಿಟ್ಟ. ಆಮೇಲೆ ಹೊಲ ಬಿಟ್ಟ, ಓಣಿ ಬಿಟ್ಟ, ಕಟ್ಟೆ ಬಿಟ್ಟ. ಅಣ್ಣ ಒಬ್ಬ ದೇವರಿಷಿಯನ್ನು ಕರೆಸಿದ. ದೇವರ ಮಾತು ಆಡುವ ಆ ಮನುಷ್ಯ ಮೈದುಂಬಿ, “ಇವಗ ದ್ಯಾವ್ರು ಕೂಡಂದಾನ. ಗೆರಿ ದಾಟಬಾರದು” ಅಂದ. ಆ ವರ್ಷ ಸುತ್ತಲಿನ ಹಿಂಡುಗಳಿಗೆ ರೋಗ ಬಂದು ಕುರಿ ಸತ್ತವು, ಇವರ ದೊಡ್ಡಿಯಲ್ಲಿ ಒಂದೂ ಸಾಯಲಿಲ್ಲ. ಅಷ್ಟು ಸಾಕಾಯಿತು. ಕುರುಬರನ್ನು ಅಂಗಳದಲ್ಲಿ ನಿಲ್ಲಿಸಿ ಮಾತಾಡುತ್ತಿದ್ದ ಗೌಡ ತಾನೇ ಬಂದು ಈ ಮನೆಯ ಹೊಸ್ತಿಲಿಗೆ ಹಣೆ ಹಚ್ಚಿದ. ಅಣ್ಣನಿಗೆ ಊರಲ್ಲಿ ತಲೆ ಎತ್ತಿ ನಡೆಯುವ ಕಾಲ ಬಂತು. ತಮ್ಮ ಕುಂತ ಮುತ್ಯಾ ಆದ.

“ನಿನಗ ದ್ಯಾವ್ರು ಖರೇನ ಹೇಳ್ಯಾನೇನು?” ಡಾಕ್ಟರು ಕೇಳಿದರು.

ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ದ್ಯಾವ್ರಲ್ರಿ ಸಾಹೇಬ್ರ. ಅಂಜಿಕಿ. ಆದ್ರ ಅಂಜುಬುರುಕ ಅನಸ್ಕೊಳ್ಳೂದಕ್ಕಿಂತ ಇದ ಬರೋಬರಿ ಅನಸ್ತು” ಅಂದ. ಪಾಪ, ಅವನ ಮುಖ ನೋಡಲಾಗಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಡಾಕ್ಟರು ಸೈಕಲ್ ತಳ್ಳಿಕೊಂಡೇ ನಡೆದರು, ನನಗೆ ತಿಳಿಸಿ ಹೇಳಿದರು. “ಇದಕ್ಕ ಅಗೊರಾಫೋಬಿಯಾ ಅಂತಾರ. ಬಯಲಂಜಿಕಿ ಅನ್ರಿ. ಎದಿ ಗಟ್ಟಿ ಐತಿ, ಹುಚ್ಚೂ ಅಲ್ಲ. ಬಯಲು ಅವಗ ಏನೂ ಮಾಡಂಗಿಲ್ಲ. ಅಲ್ಲಿ ಮತ್ತ ಹಂಗ ಆದೀತು ಅನ್ನೂ ಹೆದರಿಕಿ ಐತೆಲ್ಲ, ಅದ ರೋಗ. ಹೆದರಿಕಿ ಬಂತು, ಓಡಿ ಒಳಗ ಬಂದ, ಆರಾಮ ಅನಿಸ್ತು. ಒಳಗ ಇರೂದ ಔಷಧ ಅಂತ ಮೈ ಕಲತು ಬಿಟ್ಟೈತಿ.”

ಔಷಧ ಏನು ಅಂದೆ. ಬ್ರೋಮೈಡ್ ಮಿಶ್ರಣ ಕುಡಿಸಿದರೆ ಮಂಕಾಗಿ ಮಲಗುತ್ತಾನೆ, ಎದ್ದ ಮೇಲೆ ಹೆದರಿಕೆ ಅಲ್ಲೇ ಇರುತ್ತದೆ. ಲ್ಯುಮಿನಾಲ್ ಗುಳಿಗೆ ತುಸು ಹೊತ್ತು ತಡೆಯುತ್ತದೆ, ರೂಢಿಯಾದರೆ ಬಿಡಿಸುವುದು ಕಷ್ಟ. ದೊಡ್ಡ ಊರುಗಳಲ್ಲಿ ತಲೆಗೆ ಕರೆಂಟು ಕೊಡುತ್ತಾರೆ, ಈ ರೋಗಕ್ಕೆ ಅದರ ಮೇಲೆ ನಮ್ಮ ಡಾಕ್ಟರಿಗೆ ನಂಬಿಕೆ ಇರಲಿಲ್ಲ. ಅಲ್ಲಿಗೆ ಒಯ್ಯಬೇಕಾದರೂ ಮೊದಲು ಅವನು ಹೊರಗೆ ಬರಬೇಕಲ್ಲ. “ಉಳಿದದ್ದು ಒಂದ. ಸಾವಕಾಶ ನಡಸೂದು. ಹೆದರಿಕಿ ಬಂದ ಜಾಗಾದಾಗ ನಿಲ್ಲಸಬೇಕು. ಹಿಂದ ಓಡಾಕ ಬಿಡಬಾರದು. ಅದು ಏರ್ತೈತಿ, ಏರಿ ಇಳೀತೈತಿ. ಇಳದದ್ದನ್ನ ಅವನ ಮೈ ನೋಡಬೇಕು. ಆಮ್ಯಾಲ ಒಂದ ಹೆಜ್ಜಿ ಮುಂದ.”

“ಎಷ್ಟ ದಿನಾ ಹಿಡೀತೈತ್ರಿ?”

“ತಿಂಗಳಗಟ್ಟಲೆ” ಅಂದರು. ಅವನ ಹೆಂಡತಿಗೆ ತಿಂಗಳುಗಳಿರಲಿಲ್ಲ. ನಮ್ಮಿಬ್ಬರಿಗೂ ಅದು ಗೊತ್ತಿತ್ತು.

ಮುಂಜಾನೆಯ ದರ್ಶನ ಮುಗಿಸಿ ಅಣ್ಣ ಹೊಲಕ್ಕೆ ಹೋದ ಮೇಲೆ, ಊರು ಬಿಸಿಲಿಗೆ ಬಾಗಿಲೆಳೆದುಕೊಂಡ ಹೊತ್ತಿನಲ್ಲಿ ನಾನು ಹೋಗುತ್ತಿದ್ದೆ. ಡಾಕ್ಟರು ನನ್ನ ಸುತ್ತಾಟದ ಸರದಿಯನ್ನೇ ಬದಲಿಸಿ ಆ ಹಳ್ಳಿಗೆ ಮೇಲಿಂದ ಮೇಲೆ ಹಾಕಿಕೊಟ್ಟರು. ಮೊದಲು ಅವನನ್ನು ಕೋಣೆಯ ಬಾಗಿಲಲ್ಲಿ ಕೂರಿಸಿದೆ. ಮಣಿಕಟ್ಟು ನನ್ನ ಕೈಯಲ್ಲಿ. ಎದುರಿಗೆ ಪಡಸಾಲೆ, ಅದರಾಚೆ ತೆರೆದ ಬಾಗಿಲು, ಬಾಗಿಲಾಚೆ ಬಿಸಿಲು. ನಾಡಿ ಓಡುವುದು ಬೆರಳಿಗೆ ತಿಳಿಯುತ್ತಿತ್ತು. “ಬಂತ್ರಿ, ಬಂತ್ರಿ” ಅನ್ನುತ್ತಿದ್ದ. “ಬರ್ಲಿ. ಬಂದದ್ದು ಹೋಗ್ತೈತಿ. ಕುಂದರ” ಅನ್ನುತ್ತಿದ್ದೆ. ಬೆವರು ಹನಿಹನಿಯಾಗಿ ಇಳಿಯುತ್ತಿತ್ತು, ಒಮ್ಮೊಮ್ಮೆ ವಾಂತಿ. ನಾಡಿ ಮೆತ್ತಗಾಗುವತನಕ ಕೈ ಬಿಡುತ್ತಿರಲಿಲ್ಲ. ಬೇಸರದ ಕೆಲಸ. ನೋಡಿದವರಿಗೆ ಇಬ್ಬರು ಸುಮ್ಮನೆ ಕುಳಿತ ಹಾಗೆ ಕಾಣುತ್ತಿತ್ತು.

ಪಡಸಾಲೆಗೆ ಬಂದ. ಆಮೇಲೆ ಬಾಗಿಲಿಗೆ. ಕಟ್ಟೆಗೆ ಕಾಲಿಡುವಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿತು. ಆಕಾಶ ಕಂಡ ಕೂಡಲೇ ಕಾಲು ನಡುಗಿ ಕೂರುತ್ತಿದ್ದ. ನಾನು ಪುಸಲಾಯಿಸಿದೆ, ಗದರಿಸಿದೆ, “ಎಂಥಾ ಕುರುಬನೋ ನೀ, ಕುರಿಮರಿ ಸೈತ ಹೊರಗ ಓಡ್ತೈತಿ” ಎಂದು ಚುಡಾಯಿಸಿದೆ. ಏನೂ ನಡೆಯಲಿಲ್ಲ. ಒಂದು ದಿನ ಹೆಂಡತಿ ಏನೂ ಹೇಳದೆ ದೊಡ್ಡಿಯಿಂದ ಅವನದೇ ಹಳೆಯ ಟಗರನ್ನು ಹಿಡಿದು ತಂದು ಕಟ್ಟೆಯ ಕೆಳಗೆ ನಿಲ್ಲಿಸಿದಳು. ಅವನ ಕಂಬಳಿಯನ್ನು ಮಳೆಗೆ ಹಾಕುವಂತೆ ಕೊಪ್ಪೆ ಮಾಡಿ ತಲೆಗೆ ಇಳಿಬಿಟ್ಟಳು. ಕಂಬಳಿಯ ಅಂಚು ಹಣೆಯ ಮೇಲೆ ಬಂದು ಆಕಾಶ ಮರೆಯಾಯಿತು. ಅವನು ಟಗರಿನ ಬೆನ್ನ ಉಣ್ಣೆಯೊಳಗೆ ಬೆರಳು ಹುಗಿಸಿದ. ಟಗರು ನಡೆಯಿತು, ಅವನೂ ನಡೆದ. ದೊಡ್ಡಿಯತನಕ ಹೋಗಿ, ಬೇಲಿ ಮುಟ್ಟಿ, ತಿರುಗಿ ಬಂದ. ಹೆಂಡತಿ ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಡಾಕ್ಟರಿಗೆ ಹೇಳಿದಾಗ, ಕಂಬಳಿ, ಟಗರು ಎರಡೂ ಊರುಗೋಲು, ಸದ್ಯಕ್ಕೆ ಇರಲಿ, ಆದರೆ ಟಗರನ್ನು ರೈಲಿಗೆ ಹತ್ತಿಸಲಾಗುವುದಿಲ್ಲ ಅಂದರು.

ಹೀಗೆ ನಡೆದಿರುವಾಗ ಊರಿಗೆ ಗೊತ್ತಾಯಿತು. ಯಾರು ನೋಡಿದರೋ, ಯಾರು ಹೇಳಿದರೋ. ಒಂದು ಮಧ್ಯಾಹ್ನ ನಾವು ಓಣಿಯ ನಡುವೆ ಇದ್ದೆವು. ಎದುರಿನಿಂದ ಹತ್ತಾರು ಹೆಂಗಸರು ಬಂದರು. ಬೈಯಲಿಲ್ಲ, ಕೂಗಲಿಲ್ಲ. ಒಬ್ಬೊಬ್ಬರಾಗಿ ಅವನ ಮುಂದೆ ದಾರಿಗೆ ಅಡ್ಡ ಮಲಗಿದರು. ಬಸುರಿಯೊಬ್ಬಳು, ಅವಳ ಬಾಜೂ ಅವಳತ್ತೆ. “ನಮ್ಮನ್ನ ತುಳದ ಹೋಗ ಮುತ್ಯಾ. ಗೆರಿ ದಾಟಬ್ಯಾಡ. ನಮ್ಮ ಮಕ್ಕಳ ಮ್ಯಾಲ ಕರುಣಾ ಇಡು.” ಅವರಲ್ಲಿ ದ್ವೇಷವಿರಲಿಲ್ಲ. ಖರೇ ಹೆದರಿದ್ದರು. ನಾನು ಅವರನ್ನು ಎಬ್ಬಿಸಲು ರಟ್ಟೆ ಹಿಡಿದು ಎಳೆದೆ, ಅಯ್ಯೋ, ಎಷ್ಟು ಕೂಗಾಡಿದೆ! ಅಷ್ಟರಲ್ಲಿ ಟಗರು ಬೆದರಿ ಕೈಯಿಂದ ತಪ್ಪಿಸಿಕೊಂಡಿತು. ಅವನು ಬಯಲಲ್ಲಿ ಒಬ್ಬನೇ ನಿಂತ ಹಾಗೆ ನಿಂತ, ಆಮೇಲೆ ಮಂಡಿಯೂರಿ ತೆವಳುತ್ತ ಮನೆಗೆ ಹೋದ. ತೆವಳಿದ್ದನ್ನೂ ಜನ ಕೈಮುಗಿದು ನೋಡಿದರು.

ಅದಾದ ಮೇಲೆ ಅವನು ಕೋಣೆಯ ಬಾಗಿಲಿಗೂ ಬರಲಿಲ್ಲ. ನಾನು ಹೋದಾಗ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಅಣ್ಣ ನನಗೆ ಮನೆಗೆ ಬರಬೇಡಿ ಅಂದ. ಒಳ್ಳೆಯ ಮಾತಿನಲ್ಲೇ ಅಂದ. ಹೆಂಡತಿಯ ಎದೆಯ ಚರ್ಮ ಆಗ ಒಳಗೆ ಎಳೆದುಕೊಂಡಿತ್ತು, ಕಂಕುಳಲ್ಲಿ ಎರಡನೆಯ ಗಂಟು ಸಿಕ್ಕಿತು. ಕೊನೆಯ ಸಲ ಒಬ್ಬಳೇ ನಡೆ ಎಂದು ಅವಳ ಕಾಲಿಗೆ ಬೀಳುವುದೊಂದು ಬಾಕಿ. ಕಲ್ಲಿನಂಥ ಹೆಣ್ಣು. ಒಪ್ಪಲಿಲ್ಲ.

ಡಾಕ್ಟರ ಮುಂದೆ ಕುಳಿತು ನಾನು ಅಂದೆ: “ಸಾಹೇಬ್ರ, ನಾ ಆಕಿ ಮಾತ ಮುರೀತೇನ್ರಿ. ಅವಗ ಹೇಳ್ತೇನಿ.”

“ಹೇಳಿದ್ರ ಎದಿ ಒಡದ ಇನ್ನೂ ಒಳಗ ಹೋದಾನು.”

“ಇನ್ನ ಒಳಗ ಎಲ್ಲಿ ಐತ್ರಿ ಜಾಗಾ?”

ನನ್ನ ನಿರ್ಧಾರ ಅದಾಗಿತ್ತು, ಇಂದಿಗೂ ಅದಕ್ಕೆ ಮರುಗಿಲ್ಲ. ಅಣ್ಣ ಇಲ್ಲದ ಹೊತ್ತು ನೋಡಿ ಹೋಗಿ, ಗೋಡೆಗೆ ಮುಖ ಮಾಡಿದವನ ಬೆನ್ನಿಗೆ ಎಲ್ಲವನ್ನೂ ಹೇಳಿದೆ. ಗಂಟು ಎಲ್ಲಿದೆ, ಎಷ್ಟಿದೆ, ಕೊಯ್ಯದಿದ್ದರೆ ಏನು, ಅವಳು ಯಾಕೆ ಹೋಗುತ್ತಿಲ್ಲ. ಅವನು ಈ ಕಡೆ ಹೊರಳಿ, “ಆಕಿನ್ನ ಕರೀರಿ” ಅಂದ. ಅವಳು ಬಂದಳು. ಅವನು ಕೈ ಚಾಚಿ ಅವಳ ಎದೆಯ ಗಂಟನ್ನು ಸೆರಗಿನ ಮೇಲಿಂದಲೇ ಮುಟ್ಟಿ ನೋಡಿದ. ನಾನು ಹೊರಗೆ ಬಂದೆ.

ಮುಂದಿನ ಸೋಮವಾರ ದರ್ಶನದ ಹೊತ್ತಿಗೆ ಅವನು ಯಾರೂ ಹೇಳದೆ ತಾನೇ ಪಡಸಾಲೆಗೆ ಬಂದು ಕಂಬ ಹಿಡಿದು ನಿಂತ. ಅಂಗಳದ ತುಂಬ ಜನ, ಮೂಲೆಯಲ್ಲಿ ನಾನೂ ಇದ್ದೆ. “ನನಗ ಯಾವ ದ್ಯಾವ್ರೂ ಏನೂ ಹೇಳಿಲ್ಲ. ನನಗ ಬಯಲಿಗೆ ಬಂದ್ರ ಜೀವಾ ಹೋದಂಗ ಆಗ್ತೈತಿ. ಅಂಜಿ ಕುಂತೇನಿ. ನನ್ನ ಹೇಣ್ತಿಗೆ ಜಡ್ಡ ಐತಿ, ಆಕಿನ್ನ ಕರಕೊಂಡ ಹೋಗಬೇಕು. ನನ್ನ ಬಿಟ್ಟಬಿಡ್ರಿ” ಅಂದ. ಅಷ್ಟು ಧೈರ್ಯದ ಮಾತನ್ನು ನಾನು ಯಾವ ಗಂಡಸಿನ ಬಾಯಲ್ಲೂ ಕೇಳಿರಲಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಗೌಡ ಎದ್ದು ನಿಂತ, ಕಣ್ಣಲ್ಲಿ ನೀರು. “ನೋಡ್ರೆಪಾ, ಎಷ್ಟ ಸಣ್ಣಾವ ಆಗಿ ಮಾತಾಡ್ತಾನ! ನಮ್ಮನ್ನ ಪರೀಕ್ಷಾ ಮಾಡಾಕತ್ತಾನ” ಅಂದ. ಎಲ್ಲರೂ ನೆಲಕ್ಕೆ ಹಣೆ ಹಚ್ಚಿದರು. ಭಂಡಾರ ತೂರಿದರು. ಹಳದಿ ಪುಡಿ ಅವನ ಕಣ್ಣಿಗೆ, ಬಾಯಿಗೆ ಬಿತ್ತು. ಕೆಮ್ಮುತ್ತ ನನ್ನ ಕಡೆ ನೋಡಿದ.

ಊರಿನ ಒಪ್ಪಿಗೆ ಪಡೆದು ಅವನು ಹೊರಡುವುದು ಆಗದ ಮಾತು ಎಂದು ಅಂದೇ ತಿಳಿಯಿತು. ಹಿಂಡು ಸಂಕೇಶ್ವರದ ಕಡೆ ಹೊರಡುವ ಕಾಲವೂ ಬಂದಿತ್ತು. ನಮ್ಮ ಬಳಿ ಓಣಿ ಖಾಲಿ ಮಾಡುವ ಒಂದೇ ಒಂದು ಉಪಾಯವಿತ್ತು. ನಾಳೆ ದೇವಿ ಹಾಕುವವರು ಬರುತ್ತಾರೆ, ಬಿಟ್ಟವರಿಗೆಲ್ಲ ಎರಡೂ ತೋಳಿಗೆ ಚುಚ್ಚುತ್ತಾರೆ ಎಂದು ಹಳ್ಳಿಯಲ್ಲಿ ಡಂಗುರ ಹೊಡೆಸಿದೆವು. ಮರುದಿನ ನಾನು ಪೆಟ್ಟಿಗೆ ಹಿಡಿದು ಊರ ಹೆಬ್ಬಾಗಿಲು, ಅಗಸಿಬಾಗಿಲಲ್ಲಿ ಕಾಲಿಟ್ಟೆನೋ ಇಲ್ಲವೋ, ಬಾಗಿಲುಗಳು ದಡದಡ ಮುಚ್ಚಿಕೊಂಡವು. ಗೌಡನ ವಾಡೆಯ ಬಾಗಿಲು ಎಲ್ಲಕ್ಕಿಂತ ಮೊದಲು ಮುಚ್ಚಿತು. ಅಣ್ಣ ಹೊಲದಲ್ಲಿದ್ದ. ನಡುಮಧ್ಯಾಹ್ನ ಹಿಂಡು ಓಣಿಯಲ್ಲಿ ಹೊರಟಿತು. ಮುಂದೆ ಮುದುಕ, ಹಿಂದೆ ಹೆಂಡತಿ, ನಡುವೆ ಕುರಿಗಳ ಮಧ್ಯೆ ಕೊಪ್ಪೆ ಹೊದ್ದು, ಬೆನ್ನು ಬಾಗಿಸಿ, ಟಗರಿನ ಉಣ್ಣೆ ಹಿಡಿದ ಕುಂತ ಮುತ್ಯಾ. ಎಷ್ಟೋ ಹೊತ್ತು ಧೂಳು ಇಳಿಯಲಿಲ್ಲ.

ಹಿಂಡು ದಾರಿಯಲ್ಲಿ ತಂಗಿ ತಂಗಿ ಗೋಕಾಕ ರೋಡ್ ಸ್ಟೇಶನ್ನಿಗೆ ಬಂತು. ನಾನು ರಜೆ ಹಾಕಿ ಬಸ್ಸಿನಲ್ಲಿ ಹೋಗಿ ಅಲ್ಲಿ ಕಾದಿದ್ದೆ. ಅವನು ಬಿಸಿಲಿಗೆ ಕಂದಿದ್ದ, ಕಣ್ಣು ಕೆಂಪಗಾಗಿದ್ದವು. ಆದರೆ ಬಂದಿದ್ದ. ದಾರಿಯಲ್ಲಿ ಎಷ್ಟೋ ಸಲ ಬಂತಂತೆ, ಎಷ್ಟೋ ಸಲ ಹೋಯಿತಂತೆ. ಡಾಕ್ಟರು ಕೊಟ್ಟಿದ್ದ ಅರ್ಧ ಗುಳಿಗೆ ನುಂಗಿಸಿದೆ. ಮಿರಜಿನ ರೈಲು ಬಂದು ನಿಂತಿತು. ಹೆಂಡತಿ ಹತ್ತಿ ಬಾಗಿಲಲ್ಲಿ ನಿಂತಳು. ಕರೆಯಬೇಡ, ಕೈ ಹಿಡಿದು ಎಳೆಯಬೇಡ ಎಂದು ನಾನು ಮೊದಲೇ ಹೇಳಿದ್ದೆ. ಮುದುಕ ಟಗರಿನ ಕೋಡು ಹಿಡಿದು ಪಕ್ಕಕ್ಕೆ ಒಯ್ದ. ಗಂಡನ ಕೈ ಖಾಲಿಯಾಯಿತು. ಅವನು ಪ್ಲಾಟ್‌ಫಾರ್ಮಿನ ಬಿಸಿಲಲ್ಲಿ ಹಾಗೇ ನಿಂತುಬಿಟ್ಟ.

“ಬಂತ್ರಿ ಬಾಯಾರ.”

ನಿಲ್ಲು, ಹೋಗುತ್ತದೆ ಎಂದು ಅಷ್ಟು ದಿನ ಕಲಿಸಿದ್ದೆ. ಗಾರ್ಡು ಸೀಟಿ ಊದಿದ. ನಿಲ್ಲಲು ಹೊತ್ತಿರಲಿಲ್ಲ.

“ಇವತ್ತ ಅದು ಹೋಗೂತನಕ ನಿಂದರಬ್ಯಾಡ. ಅಂಜಿಕೊಂತನ ಹತ್ತು!” ಎಂದು ಕಿರುಚಿದೆ. “ಸತ್ತರ ಸಾಯಿ, ಆಕಿ ಬಾಜೂ ಕುಂತ ಸಾಯಿ. ಹತ್ತು!”

ಅವನು ಕಂಬಳಿ ಕಿತ್ತು ನನ್ನ ಮೇಲೆ ಎಸೆದು ಓಡಿದ. ಚಲಿಸುವ ಗಾಡಿಯ ಹಿಡಿಕೆ ಸಿಕ್ಕಿತು. ಹತ್ತಿ, ಬಾಗಿಲ ಬಳಿ ನೆಲಕ್ಕೆ ಕುಸಿದು, ಹೆಂಡತಿಯ ಕಾಲು ಅಪ್ಪಿಕೊಂಡ. ಅವಳು ಅವನ ತಲೆಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿ ನಕ್ಕಳು. ಆ ನಗೆಯನ್ನು ಮಾತ್ರ ನಾನು ಮರೆತಿಲ್ಲ. ಕಂಬಳಿಯನ್ನು ಮುದುಕನ ಕೈಗೆ ಕೊಟ್ಟೆ.

ಮಿರಜಿನಿಂದ ಸುದ್ದಿ ಬರಲು ವಾರಗಳು ಹಿಡಿದವು. ಕೊಯ್ದರು. ಆದರೆ ಅದು ಆಗಲೇ ಪುಪ್ಪುಸಕ್ಕೆ ಇಳಿದಿತ್ತು. ಕೆಲವು ತಿಂಗಳ ಮೊದಲೇ ಬಂದಿದ್ದರೆ ಬೇರೆ ಮಾತಿತ್ತು ಎಂದು ಅಲ್ಲಿನ ಸರ್ಜನ್ ನಮ್ಮ ಡಾಕ್ಟರಿಗೆ ತಿಳಿಸಿದರು. ಅವಳು ಅಲ್ಲೇ ತೀರಿಕೊಂಡಳು. ಅವನು ಅಲ್ಲೇ ಮಣ್ಣು ಮಾಡಿ, ರೈಲು ಹತ್ತದೆ, ಮಿರಜಿನಿಂದ ನಡೆದು ಊರಿಗೆ ಬಂದನಂತೆ.

ಊರಲ್ಲಿ ಅವನು ಕೂರುತ್ತಿದ್ದ ಜಾಗ ಖಾಲಿ ಇರಲಿಲ್ಲ. ಹಿಂಡಿನೊಡನೆ ಹಿಂದಿರುಗಿದ ಮುದುಕ ತಂದ ಅದೇ ಕಂಬಳಿಯನ್ನು ಮಡಚಿ ಅಲ್ಲಿಟ್ಟು, ಹೂವು ಏರಿಸಿ, ದೀಪ ಹಚ್ಚಿದ್ದರು. ನಾನು ಹೋದಾಗ ಓಣಿಯ ಹೆಂಗಸರು ಬಾಗಿಲು ಮುಚ್ಚಲಿಲ್ಲ. ಹೊರಗೆ ಬಂದು ನಿಂತು ನೋಡಿದರು. ಅಂದು ದಾರಿಗೆ ಅಡ್ಡ ಮಲಗಿದ್ದ ಬಸುರಿಯ ಕಂಕುಳಲ್ಲಿ ಈಗ ಕೂಸಿತ್ತು. “ನೀವ ಎಬ್ಬಿಸಿದ್ರಿ ಬಾಯಾರ. ಗೆರಿ ದಾಟಿದ, ಹೇಣ್ತಿ ಹೋದ್ಲು” ಅಂದಳು. ನಾನು ಮುಂದೆ ಹೋದೆ.

ಅವನು ಒಳಗಿದ್ದ, ಕಂಬಳಿಯ ಪಕ್ಕದಲ್ಲಿ. ಕೋಣೆಯ ಬಾಗಿಲು, ಹಿಂದಿನ ಬಾಗಿಲು, ಎರಡೂ ಹಾರುಹೊಡೆದಿದ್ದವು. ಹಿತ್ತಲ ಬಿಸಿಲು ಅವನ ಕಾಲತನಕ ಬಂದಿತ್ತು. ಎದುರಿಗೆ ಕುಳಿತು ಅಭ್ಯಾಸಬಲದಿಂದ ಮಣಿಕಟ್ಟು ಹಿಡಿದೆ. ಅಂಗೈ ಒಣಗಿತ್ತು. ನಾಡಿ ಸಾವಕಾಶ, ಗಟ್ಟಿಯಾಗಿತ್ತು.

“ಹೊರಗ ಬರ್ತಿಯೇನಪಾ? ಅಂಜಿಕಿ ಬರ್ತೈತೇನು?”

“ಇಲ್ರಿ. ಮಿರಜದಾಗ ಆಕಿಗೆ ಹಾಲ ತರಾಕ ದಿನಾ ಪ್ಯಾಟಿ ದಾಟಿ ಹೋಗ್ತಿದ್ನಿ. ಮೊದಲ ಮೊದಲ ಬರ್ತಿತ್ತು. ಹಾಲ ಒಯ್ಯಬೇಕಲ್ರಿ, ನಿಂದರಾಕ ಎಲ್ಲಿ ಪುರಸತ್ತು? ಒಂದಿನಾ ನೋಡತೇನಿ, ಬರೂದ ಬಿಟ್ಟೈತಿ.”

“ಮತ್ತ ಯಾಕ ಇಲ್ಲಿ ಕುಂತಿ? ಹಿಂಡ ಐತಿ, ಹೊಲಾ ಐತಿ. ಏಳು.”

ಅವನು ನನ್ನ ಕೈಯಿಂದ ಮಣಿಕಟ್ಟು ಮೆಲ್ಲಗೆ ಬಿಡಿಸಿಕೊಂಡ.

“ನಾ ಎದ್ದದ್ದಕ್ಕ ಆಕಿ ಹೋದ್ಲು ಅಂತಾರ್ರಿ ಊರ ಮಂದಿ. ನಾ ಏಳೂದು ತಡಾ ಆದದ್ದಕ್ಕ ಹೋದ್ಲು ಅಂತಾರ ಡಾಕ್ಟರು. ಮಂದಿ ಮಾತ ಖರೇ ಆದ್ರ, ಅದು ದ್ಯಾವ್ರ ಸಿಟ್ಟು. ತಡಕೋಬಹುದ್ರಿ. ನಿಮ್ಮ ಮಾತ ಖರೇ ಆದ್ರ, ಆಕಿನ್ನ ಕೊಂದಾವ ನಾ, ಈ ಕ್ವಾಣ್ಯಾಗ ಕುಂತು. ಅದನ್ನ ಹೊತಗೊಂಡ ಬಯಲಿನ್ಯಾಗ ಹೆಂಗ ತಿರಗ್ಲಿ ಬಾಯಾರ? ಅದಕ್ಕ ಅವರ ಮಾತ ಖರೇ ಮಾಡಿ ಕುಂತೇನಿ.”

ಹೊರಗೆ ಯಾರೋ ತೆಂಗಿನಕಾಯಿ ಒಡೆದರು. ಅವನು ಬೆನ್ನು ನೆಟ್ಟಗೆ ಮಾಡಿ, ಅವರ ಸಲುವಾಗಿ ಕಣ್ಣು ಮುಚ್ಚಿದ.

ದವಾಖಾನೆಗೆ ಬಂದಾಗ ಡಾಕ್ಟರು ತಲೆಯೆತ್ತಿ, “ಹೆಂಗದಾನ್ರಿ ನಮ್ಮ ಪೇಶಂಟು?” ಅಂದರು.

“ಗುಣ ಆಗ್ಯಾನ್ರಿ” ಅಂದೆ. ಪೆಟ್ಟಿಗೆ ತೆಗೆದು, ಮರುದಿನದ ಲಸಿಕೆಗೆ ಸೂಜಿಗಳನ್ನು ಕುದಿಯಲು ಇಟ್ಟೆ.